ಕಣ್ಣಿಗೂ ಬೇಕು ಬಿಡುವು

ಮನುಷ್ಯನ ಐದು ಇಂದ್ರಿಯಗಳಲ್ಲಿ ಕಣ್ಣಿಗೆ ಮೊದಲ ಮಣೆ ಸಂದಿದೆ. ಅತಿ ಪ್ರಿಯರಾದವರನ್ನು ‘ಕಣ್ಮಣಿ’ ಎಂದು ಕರೆಯುವುದೂ, ಎಚ್ಚರದಿಂದ ಕಾಪಾಡುವುದನ್ನು ‘ಕಣ್ಣಿನ ರೆಪ್ಪೆಯಂತೆ ಕಾಯುವುದು’ ಎನ್ನುವುದೂ ಕನ್ನಡ ನುಡಿಯ ವಾಡಿಕೆ. ಆದರೆ ಕಣ್ಣನ್ನು ಕಾಯಬೇಕಾದ ರೆಪ್ಪೆಯೇ ತನ್ನ ಕೆಲಸವನ್ನು ಮರೆಯುವಂಥ ಕಾಲ ಈಗ ಬಂದೊದಗಿದೆ. ಹೊಳೆಯುವ ಪರದೆಯ ಮುಂದೆ ಕುಳಿತವನ ರೆಪ್ಪೆ ಮಿಟುಕುವುದನ್ನೇ ಕಡಿಮೆ ಮಾಡುತ್ತದೆ. ಇದರ ಫಲವನ್ನು ಅನುಭವಿಸುತ್ತಿರುವವರಲ್ಲಿ ಹಿರಿಯರೂ ಇದ್ದಾರೆ, ಕಿರಿಯರೂ ಇದ್ದಾರೆ.

ಪರದೆಯು ನಗರವಾಸಿಗಳಿಗೆ ಮಾತ್ರ ಸೇರಿದ ವಸ್ತು ಎಂಬ ಮಾತು ಇಂದು ನಿಲ್ಲುವುದಿಲ್ಲ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯನ್ನೇ ನೋಡಬಹುದು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹಿಂದೆ ಕೂಗಿನ ಮೂಲಕ ನಡೆಯುತ್ತಿದ್ದ ಹರಾಜು ಈಗ ಮೊಬೈಲ್ ಫೋನಿನ ಮೂಲಕ ನಡೆಯುತ್ತದೆ. ಬಿಚ್ಚಾಣಿಕೆದಾರರು ಪರದೆಯ ಮೇಲೆ ಬೆರಳಿಟ್ಟು ಬೆಲೆ ಕೂಗುತ್ತಾರೆ. ಚಿಂತಾಮಣಿಯ ಅಂಗಡಿಗಳಲ್ಲಿ ಲೆಕ್ಕದ ಪುಸ್ತಕದ ಜಾಗಕ್ಕೆ ಗಣಕಯಂತ್ರ ಬಂದಿದೆ. ಗೌರಿಬಿದನೂರಿನಿಂದಲೂ ಚಿಕ್ಕಬಳ್ಳಾಪುರದಿಂದಲೂ ಬೆಂಗಳೂರಿಗೆ ನಿತ್ಯ ಹೋಗಿಬರುವವರು ರೈಲಿನಲ್ಲಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಫೋನಿನ ಮೇಲೆ ಬಾಗಿರುತ್ತಾರೆ. 2020ರಲ್ಲಿ ಕೊರೋನಾ ಸೋಂಕಿನಿಂದಾಗಿ ಶಾಲೆಗಳು ಮುಚ್ಚಿದಾಗ, ಪಾಠವೇ ಪರದೆಯನ್ನೇರಿ ಮನೆಗೆ ಬಂದಿತು. ಸೋಂಕು ಇಳಿಯಿತು, ಶಾಲೆಗಳು ತೆರೆದವು. ಆದರೆ ಮಕ್ಕಳ ಕೈಗೆ ಬಂದ ಫೋನು ಕೈಯಲ್ಲಿಯೇ ಉಳಿಯಿತು.

ಇಂಥ ಮನೆಗಳಲ್ಲಿ ಇಂದು ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಕಣ್ಣುರಿ, ಮಣ್ಣು ಬಿದ್ದಂತೆ ಚುಚ್ಚುವಿಕೆ, ಮಂಜು ಕವಿದಂಥ ನೋಟ, ಹಣೆನೋವು, ಕತ್ತುನೋವು. ದೂರು ಬಂದೊಡನೆ ಕೆಲವು ಹಿರಿಯರು, “ಎಲ್ಲಕ್ಕೂ ಆ ಹಾಳು ಫೋನೇ ಕಾರಣ” ಎಂದು ಗದರಿ ಸುಮ್ಮನಾಗುತ್ತಾರೆ. ಬೇರೆ ಕೆಲವರು ಅಂಗಡಿಯಿಂದ ಒಂದು ಕನ್ನಡಕವನ್ನೋ ಹನಿಮದ್ದನ್ನೋ ತಂದುಕೊಟ್ಟು ತಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯುತ್ತಾರೆ. ಎರಡೂ ಅವಸರದ ತೀರ್ಮಾನಗಳೇ. ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ಬಾಳಿನುದ್ದಕ್ಕೂ ಬೋಧಿಸಿದ ಡಾ. ಎಚ್. ನರಸಿಂಹಯ್ಯನವರು 1920ರಲ್ಲಿ ಜನಿಸಿದ್ದು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಅಂಥವರ ನೆಲದಲ್ಲಿ, ಕಣ್ಣು ದಣಿಯುವುದೇಕೆ ಎಂಬ ಸಣ್ಣ ಪ್ರಶ್ನೆಯನ್ನೂ ವಿಚಾರಿಸಿಯೇ ಉತ್ತರಿಸುವುದು ಲೇಸು.

ಮೊದಲು ಕಣ್ಣಿನ ದುಡಿಮೆಯನ್ನು ತಿಳಿಯಬೇಕು. ಕಣ್ಣಿನೊಳಗೆ ಒಂದು ಮಸೂರವಿದೆ. ಅದರ ಸುತ್ತ ಉಂಗುರದಂಥ ಸ್ನಾಯುವಿದೆ. ದೂರದ ಬೆಟ್ಟವನ್ನು ನೋಡುವಾಗ ಈ ಸ್ನಾಯು ಸಡಿಲವಾಗಿ ವಿಶ್ರಮಿಸುತ್ತದೆ. ಹತ್ತಿರದ ಅಕ್ಷರವನ್ನು ನೋಡುವಾಗ ಅದು ಬಿಗಿಯುತ್ತದೆ. ಆಗ ಮಸೂರ ಉಬ್ಬಿ ಸಮೀಪದ ವಸ್ತು ಸ್ಪಷ್ಟವಾಗುತ್ತದೆ. ಅದೇ ಹೊತ್ತಿಗೆ ಎರಡು ಕಣ್ಣುಗಳೂ ಮೂಗಿನ ಕಡೆಗೆ ಒಳಮುಖವಾಗಿ ತಿರುಗಬೇಕು. ವಸ್ತು ಹತ್ತಿರವಾದಷ್ಟೂ ಈ ಶ್ರಮ ಹೆಚ್ಚು. ಒಂದು ತಂಬಿಗೆ ನೀರನ್ನು ಕ್ಷಣಕಾಲ ಎತ್ತಿ ಹಿಡಿಯುವುದು ಯಾರಿಗೂ ಕಷ್ಟವಲ್ಲ. ಅದನ್ನೇ ತಾಸುಗಟ್ಟಲೆ ಹಿಡಿದರೆ ತೋಳು ನಡುಗುತ್ತದೆ. ಮುಖದ ಮುಂದೆ ಒಂದು ಗೇಣಿನ ದೂರದಲ್ಲಿ ಫೋನು ಹಿಡಿದು ಕುಳಿತವನ ಕಣ್ಣಿನ ಸ್ಥಿತಿಯೂ ಇದೇ.

ಎರಡನೆಯದು ಕಣ್ಣೀರಿನ ಸಂಗತಿ. ಅಳುವಾಗ ಹರಿಯುವ ಕಣ್ಣೀರಲ್ಲದೆ, ಕಣ್ಣಿನ ಮೇಲ್ಮೈಯನ್ನು ಸದಾ ಒದ್ದೆಯಾಗಿಡುವ ತೆಳುವಾದ ಪೊರೆಯೊಂದುಂಟು. ಅದರಲ್ಲಿ ಲೋಳೆಯ ಅಂಶ, ನೀರಿನ ಅಂಶ, ನೀರು ಬೇಗ ಆರದಂತೆ ತಡೆಯುವ ಎಣ್ಣೆಯ ಅಂಶ ಎಲ್ಲವೂ ಸೇರಿವೆ. ರೆಪ್ಪೆ ಮಿಟುಕಿದಾಗಲೆಲ್ಲ ಈ ಪೊರೆ ಕಣ್ಣಿನ ಮೇಲೆ ಹೊಸದಾಗಿ ಸಾರಿಸಿದಂತೆ ಹರಡುತ್ತದೆ. ಸಾಮಾನ್ಯವಾಗಿ ಮನುಷ್ಯನು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಮಿಟುಕುತ್ತಾನೆ. ಪರದೆಯಲ್ಲಿ ಮನಸ್ಸು ನೆಟ್ಟಾಗ ಈ ಎಣಿಕೆ ಅರ್ಧಕ್ಕೂ, ಕೆಲವೊಮ್ಮೆ ಅದಕ್ಕಿಂತ ಕೆಳಕ್ಕೂ ಇಳಿಯುತ್ತದೆ; ಮಿಟುಕಿದರೂ ರೆಪ್ಪೆ ಪೂರ್ಣವಾಗಿ ಮುಚ್ಚದಿರುವುದುಂಟು. ಆಗ ಪೊರೆ ಅಲ್ಲಲ್ಲಿ ಒಡೆದು ಕಣ್ಣು ಒಣಗುತ್ತದೆ. ಪರದೆಯು ಕಣ್ಣಿನ ಮಟ್ಟಕ್ಕಿಂತ ಮೇಲಿದ್ದರೆ ರೆಪ್ಪೆ ಇನ್ನಷ್ಟು ಅಗಲವಾಗಿ ತೆರೆದುಕೊಂಡು ಈ ತೊಂದರೆ ಹೆಚ್ಚುತ್ತದೆ.

ಪರಿಸರವೂ ಇದಕ್ಕೆ ಕೈಗೂಡಿಸುತ್ತದೆ. ಚಿಕ್ಕಬಳ್ಳಾಪುರದ ಸೀಮೆ ಬಯಲುಸೀಮೆ. ವರ್ಷವಿಡೀ ತುಂಬಿ ಹರಿಯುವ ಹೊಳೆ ಇಲ್ಲಿಲ್ಲ. ಬೇಸಗೆಯ ಗಾಳಿ ಒಣಗಾಳಿ, ಅದರೊಡನೆ ಧೂಳೂ ಇದೆ. ಒಣಗಾಳಿಯಲ್ಲಿ ಕಣ್ಣಿನ ತೇವ ಬೇಗ ಆರುತ್ತದೆ. ಮುಖಕ್ಕೆ ನೇರವಾಗಿ ಬೀಸುವ ಪಂಖ, ಅಡುಗೆಮನೆಯ ಸೌದೆಯ ಹೊಗೆ, ರೇಷ್ಮೆ ಬಿಚ್ಚುವ ಒಲೆಯ ಹೊಗೆ ಇವೂ ಸೇರಿದರೆ ಕಣ್ಣು ಪರದೆಯ ಮುಂದೆ ಕೂರುವ ಮೊದಲೇ ಅರ್ಧ ದಣಿದಿರುತ್ತದೆ. ಹೀಗಿರುವಾಗ ತಪ್ಪೆಲ್ಲವನ್ನೂ ಪರದೆಯ ತಲೆಗೆ ಕಟ್ಟುವುದು ಪೂರ್ಣ ಸತ್ಯವಾಗಲಾರದು.

ಇವೆಲ್ಲಕ್ಕಿಂತ ಗಮನಿಸಬೇಕಾದವು ಕಣ್ಣಿನಲ್ಲಿಯೂ ದೇಹದಲ್ಲಿಯೂ ಅಡಗಿರುವ ಕಾರಣಗಳು. ಸಮೀಪದೃಷ್ಟಿ ದೋಷವಿರುವ ಬಾಲಕನಿಗೆ ಕರಿಹಲಗೆ ಮಸುಕಾಗಿ ಕಾಣುತ್ತದೆ. ಅವನು ಕಣ್ಣು ಕಿರಿದುಮಾಡಿ ನೋಡುತ್ತಾನೆ. ದೂರದೃಷ್ಟಿ ದೋಷವಿರುವವನ ಪಾಡು ಇನ್ನೂ ವಿಚಿತ್ರ. ಕರಿಹಲಗೆ ಅವನಿಗೆ ಚೆನ್ನಾಗಿಯೇ ಕಾಣುತ್ತದೆ. ಎಳೆಯ ವಯಸ್ಸಿನ ಸ್ನಾಯುಬಲದಿಂದ ಪುಸ್ತಕವನ್ನೂ ಓದಬಲ್ಲನು. ಆದರೆ ಆ ಅಧಿಕ ಶ್ರಮದಿಂದ ಸಂಜೆಗೆ ಅವನ ತಲೆ ಸಿಡಿಯುತ್ತದೆ. “ಎಲ್ಲವೂ ಕಾಣುತ್ತದೆಯಲ್ಲ, ಮತ್ತೇಕೆ ತಲೆನೋವು? ಓದುವ ಮನಸ್ಸಿಲ್ಲ, ಅಷ್ಟೆ” ಎಂದು ಮನೆಯವರು ತಿಳಿಯುತ್ತಾರೆ. ಇನ್ನು ಕೆಲವರಲ್ಲಿ ಎರಡು ಕಣ್ಣುಗಳು ಹತ್ತಿರದ ವಸ್ತುವಿನ ಮೇಲೆ ಒಟ್ಟಾಗಿ ನಿಲ್ಲುವ ಶಕ್ತಿ ಕಡಿಮೆ ಇರುತ್ತದೆ. ಓದುವಾಗ ಸಾಲುಗಳು ಜೋಡಿಜೋಡಿಯಾಗಿ ತೋರುತ್ತವೆ. ಒಗ್ಗದ ಧೂಳಿನಿಂದ ಬರುವ ಕಣ್ಣಿನ ತುರಿಕೆ, ನೆಗಡಿಗೆ ನುಂಗುವ ಕೆಲವು ಮಾತ್ರೆಗಳಿಂದ ಉಂಟಾಗುವ ಒಣತನ, ಸಕ್ಕರೆ ಕಾಯಿಲೆಯಿಂದ ಏರಿಳಿಯುವ ನೋಟ, ಥೈರಾಯ್ಡ್ ಗ್ರಂಥಿಯ ತೊಂದರೆ, ‘ಎ’ ಜೀವಸತ್ವದ ಕೊರತೆ ಇವೂ ಕಾರಣಗಳಾಗಬಹುದು. ನಲವತ್ತು ದಾಟಿದವರಲ್ಲಿ ಮಸೂರದ ಮೆದುತನ ತಗ್ಗಿ ಹತ್ತಿರದ ಅಕ್ಷರ ಮಸುಕಾಗುವುದು ಪ್ರಕೃತಿಯ ನಿಯಮ. ಪರದೆಯು ಎಷ್ಟೋ ವೇಳೆ ಇಂಥ ದೋಷವನ್ನು ಹುಟ್ಟಿಸಿರುವುದಿಲ್ಲ. ಒಳಗಿದ್ದುದನ್ನು ಹೊರಗೆಡವಿರುತ್ತದೆ, ಅಷ್ಟೆ. ಅಂಥಲ್ಲಿ ಫೋನನ್ನು ಮಾತ್ರ ದೂಷಿಸಿ ಕಣ್ಣನ್ನು ಪರೀಕ್ಷಿಸದಿರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಹಾಗೆಂದು ಬದುಕಿನ ರೀತಿಯ ಪಾಲು ಅಲ್ಪವೆಂದಲ್ಲ. ದೀಪವಾರಿಸಿದ ಕೋಣೆಯಲ್ಲಿ ಹೊದಿಕೆಯೊಳಗೆ ಫೋನು ನೋಡುವುದು, ಕುಲುಕುವ ಬಸ್ಸಿನಲ್ಲಿ ಸಣ್ಣ ಅಕ್ಷರವನ್ನು ಹಿಂಬಾಲಿಸುವುದು, ಕಿಟಕಿಯ ಬೆಳಕು ಪರದೆಯಲ್ಲಿ ಪ್ರತಿಫಲಿಸುವಂತೆ ಕೂರುವುದು, ಮಲಗಿಕೊಂಡು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುವುದು ಇವೆಲ್ಲ ಕಣ್ಣಿಗೆ ಕೊಡುವ ಹಿಂಸೆಗಳೇ. ರಾತ್ರಿಯ ನಿದ್ದೆ ಕಡಿಮೆಯಾದವನ ಕಣ್ಣು ಬೆಳಗಿನ ತರಗತಿಯಲ್ಲಿಯೇ ಕೆಂಪಾಗಿರುತ್ತದೆ. ವಿದ್ಯಾರ್ಥಿಯು ಇವುಗಳಲ್ಲಿ ಯಾವುದನ್ನು ಬಿಟ್ಟರೂ ಹಣದ ಖರ್ಚಿಲ್ಲ, ಗಳಿಕೆ ಮಾತ್ರ ಉಂಟು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಶಿಡ್ಲಘಟ್ಟದಲ್ಲಿ ತಲೆಮಾರುಗಳಿಂದ ಹೆಣ್ಣುಮಕ್ಕಳು ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಕೂದಲಿಗಿಂತ ನವಿರಾದ ಎಳೆಯನ್ನು ಹುಡುಕಿ ತೆಗೆದಿದ್ದಾರೆ. ಎಣ್ಣೆಯ ದೀಪದಲ್ಲಿ ಓದಿ ವಿದ್ವಾಂಸರಾದವರಿದ್ದಾರೆ. ಅವರಿಗಿಲ್ಲದ ದಣಿವು ಇಂದಿನವರಿಗೇಕೆ ಎಂದು ಕೇಳುವವರುಂಟು. ಅವರಿಗೆ ದಣಿವು ಇರಲಿಲ್ಲವೆಂದು ಹೇಳಿದವರಾರು? ಹೊಗೆ ಹಬೆಗಳ ನಡುವೆ ದುಡಿದ ಆ ತಾಯಂದಿರ ಕಣ್ಣುರಿಯನ್ನು ಬರೆದಿಟ್ಟವರಿಲ್ಲ. ಹೇಳಿಕೊಳ್ಳುವ ಅವಕಾಶವೂ ಅವರಿಗಿರಲಿಲ್ಲ. ಮತ್ತೊಂದು ಭೇದವೂ ಇದೆ. ಗೂಡು ಮುಗಿದರೆ ಕೆಲಸ ಮುಗಿಯುತ್ತಿತ್ತು. ಎಣ್ಣೆ ತೀರಿದರೆ ಓದು ನಿಲ್ಲುತ್ತಿತ್ತು. ಪರದೆಯ ಮೇಲಿನ ಚಿತ್ರಗಳಿಗೆ ತೀರುವುದೆಂಬುದಿಲ್ಲ; ಒಂದು ಮುಗಿಯುವ ಮುನ್ನ ಮತ್ತೊಂದು ತಾನಾಗಿಯೇ ಬರುತ್ತದೆ. ಮಿತಿಯನ್ನು ಹಿಂದೆ ವಸ್ತುವೇ ಹಾಕುತ್ತಿತ್ತು. ಈಗ ಮನುಷ್ಯನೇ ಹಾಕಿಕೊಳ್ಳಬೇಕಾಗಿದೆ.

ಅತಿಯಾದ ಭಯವೂ ಸಲ್ಲದು. ಪರದೆಯನ್ನು ನೋಡಿ ಬರುವ ದಣಿವು ಬಹುಮಟ್ಟಿಗೆ ತಾತ್ಕಾಲಿಕ, ವಿಶ್ರಾಂತಿಯಿಂದ ಶಮನವಾಗುವಂಥದು. ಅದರಿಂದ ಕಣ್ಣು ಕುರುಡಾಗುವುದೆಂಬುದು ಸುಳ್ಳು. ಪರದೆಯ ನೀಲಿ ಬೆಳಕನ್ನು ತಡೆಯುವ ಕನ್ನಡಕ ಧರಿಸಿದರೆ ದಣಿವೇ ಇಲ್ಲವೆಂಬ ಪ್ರಚಾರವನ್ನೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯು, ಅಂಥ ಕನ್ನಡಕದಿಂದ ಅಲ್ಪಾವಧಿಯಲ್ಲಿ ಕಣ್ಣಿನ ದಣಿವು ತಗ್ಗುವ ಸಂಭವ ಕಾಣದೆಂದು ತಿಳಿಸಿದೆ. ಆದರೆ ಮಕ್ಕಳ ವಿಷಯದಲ್ಲಿ ಚಿಂತಿಸಬೇಕಾದ ಸಂಗತಿಯೊಂದಿದೆ. ಬಯಲಿಗೆ ಬಾರದೆ, ಸದಾ ಹತ್ತಿರದ್ದನ್ನೇ ನೋಡುತ್ತ ಬೆಳೆಯುವ ಮಕ್ಕಳಲ್ಲಿ ಕಣ್ಣಿನ ಗುಡ್ಡೆ ಉದ್ದವಾಗಿ ಸಮೀಪದೃಷ್ಟಿ ಬರುವುದು ಹೆಚ್ಚು. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದು ಗುಂಪಿನ ಮಕ್ಕಳನ್ನು ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಬಯಲಿಗೆ ಕರೆದೊಯ್ಯಲಾಯಿತು. ಮೂರು ವರ್ಷಗಳಲ್ಲಿ ಆ ಗುಂಪಿನ ನೂರರಲ್ಲಿ ಸುಮಾರು 30 ಮಕ್ಕಳಿಗೆ ಸಮೀಪದೃಷ್ಟಿ ಬಂದರೆ, ಉಳಿದ ಗುಂಪಿನ ನೂರರಲ್ಲಿ ಸುಮಾರು 40 ಮಕ್ಕಳಿಗೆ ಬಂದಿತು. ಹಗಲಿನ ಬೆಳಕಿನಲ್ಲಿ ಆಡುವ ಆಟವು ಕಾಲಹರಣವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ವಿಚಾರಿಸದೆ ಬಿಟ್ಟ ಕಣ್ಣಿನ ದೋಷಕ್ಕೆ ತೆರಬೇಕಾದ ಬೆಲೆ ದೊಡ್ಡದು. ಕರಿಹಲಗೆ ಕಾಣದ ಮಗು ಪಕ್ಕದವನ ಪುಸ್ತಕ ನೋಡಿ ಬರೆಯುತ್ತದೆ. ಮೊದಲು ಅದಕ್ಕೆ ಕಳ್ಳನೆಂಬ ಹೆಸರು ಬರುತ್ತದೆ, ಆಮೇಲೆ ದಡ್ಡನೆಂಬ ಹೆಸರು. ಕೊನೆಗೆ ಆ ಮಗುವೇ ಅದನ್ನು ನಂಬಿ ಓದು ಬಿಡುತ್ತದೆ. ಹೆಣ್ಣುಮಗುವಾದರೆ ಇನ್ನೊಂದು ಅಡ್ಡಿ. ಕನ್ನಡಕ ಹಾಕಿದರೆ ಮುಂದೆ ಮದುವೆಗೆ ತೊಡಕೆಂದು ಹಿಂಜರಿದು, ಕಾಣದ ಕಣ್ಣನ್ನು ಹಾಗೆಯೇ ಬಿಡುವ ಮನೆಗಳು ಇಂದಿಗೂ ಇಲ್ಲದಿಲ್ಲ. ಒಂದು ಜೊತೆ ಗಾಜಿನಿಂದ ಬೆಳಗಬಹುದಾದ ಬಾಳನ್ನು ಪರರ ಮಾತಿಗೆ ಅಂಜಿ ಮಂಕಾಗಿಸುವುದು ಅನ್ಯಾಯವಲ್ಲವೆ?

ಆದುದರಿಂದ ಮೊದಲ ಕರ್ತವ್ಯ ಪರೀಕ್ಷೆ. ಭಾರತದಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು 1976ರಲ್ಲಿಯೇ ಆರಂಭವಾಯಿತು; ಶಾಲಾ ಮಕ್ಕಳ ದೃಷ್ಟಿ ತಪಾಸಣೆ ಅದರ ಒಂದು ಅಂಗ. ಮನೆಬಾಗಿಲಿಗೇ ಕಣ್ಣಿನ ಆರೈಕೆಯನ್ನು ಒಯ್ಯಲು ಕರ್ನಾಟಕ ಸರ್ಕಾರವು ‘ಆಶಾಕಿರಣ’ವೆಂಬ ಯೋಜನೆಯನ್ನು ರೂಪಿಸಿದೆ. ತಲೆನೋವು, ಮಸುಕು ನೋಟ, ಜೋಡಿನೋಟಗಳು ಬಿಡದೆ ಕಾಡಿದರೆ ವಿದ್ಯಾರ್ಥಿಯು ಸಂಕೋಚವಿಲ್ಲದೆ ಹಿರಿಯರಿಗೆ ತಿಳಿಸಬೇಕು. ಹಿರಿಯರು ಗದರದೆ ಕೇಳಬೇಕು. ವೈದ್ಯರನ್ನು ಕಾಣದೆ ಅಂಗಡಿಯ ಹನಿಮದ್ದನ್ನು ಹಾಕುವುದು ಅಪಾಯಕರ.

ಎರಡನೆಯ ಕರ್ತವ್ಯ ಮಿತಿ. 20 ನಿಮಿಷಕ್ಕೊಮ್ಮೆ, 20 ಅಡಿಗಳಾಚೆಯ ವಸ್ತುವನ್ನು, 20 ಸೆಕೆಂಡುಗಳ ಕಾಲ ನೋಡಬೇಕೆಂದು ವೈದ್ಯರು ಹೇಳುವ ಸೂತ್ರ ಎಲ್ಲರೂ ನೆನಪಿಡಬಹುದಾದಷ್ಟು ಸುಲಭ. ಚಿಕ್ಕಬಳ್ಳಾಪುರದ ಬಾಲಕನಿಗೆ ಅದಕ್ಕಾಗಿ ನಂದಿಬೆಟ್ಟವಿದೆ. ಚಿಂತಾಮಣಿಯ ಬಾಲಕಿಗೆ ಅಂಬಾಜಿದುರ್ಗವಿದೆ. ಬೆಟ್ಟವಿಲ್ಲದೆಡೆ ಬೇವಿನ ಮರವಾದರೂ ಸಾಕು. ಗಣಕಯಂತ್ರದ ಪರದೆಯನ್ನು ಒಂದು ತೋಳಿನಷ್ಟು ದೂರದಲ್ಲಿ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಿಸುವುದು, ಮಲಗುವ ಮುನ್ನ ಫೋನನ್ನು ದೂರವಿಡುವುದು, ನುಗ್ಗೆಸೊಪ್ಪು, ಪರಂಗಿಹಣ್ಣುಗಳನ್ನು ಊಟದಲ್ಲಿ ಸೇರಿಸುವುದು ಇವು ಬಡವರ ಮನೆಯಲ್ಲಿಯೂ ಸಾಧ್ಯವಾಗುವ ಉಪಾಯಗಳು.

ಆದರೆ ಈ ಹೊಣೆಯನ್ನೆಲ್ಲ ಮಕ್ಕಳ ಮೇಲೆ ಹೊರಿಸುವುದು ನ್ಯಾಯವಲ್ಲ. ತಂದೆಯು ಊಟದ ತಟ್ಟೆಯ ಮುಂದೆಯೂ ಫೋನು ಹಿಡಿದಿದ್ದರೆ ಮಗನಿಗೆ ಹೇಳುವ ಬುದ್ಧಿಮಾತು ಗಾಳಿಗೆ ತೂರಿದ ಹೊಟ್ಟಾಗುತ್ತದೆ. ಆಟದ ಅವಧಿಯನ್ನು ಬೇರೆ ಪಾಠಕ್ಕೆ ಕಸಿದುಕೊಳ್ಳುವ ಶಾಲೆಯು ಮಕ್ಕಳ ಕಣ್ಣನ್ನು ಕುರಿತು ಮಾತನಾಡುವ ಹಕ್ಕನ್ನು ಕಳೆದುಕೊಳ್ಳುತ್ತದೆ. ಬಯಲನ್ನೆಲ್ಲ ನಿವೇಶನಗಳಾಗಿ ಹಂಚಿದ ಊರು, ಮಕ್ಕಳು ಮನೆಯಿಂದ ಹೊರಗೆ ಬರುವುದಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ.

ಪರದೆಯು ಶತ್ರುವಲ್ಲ. ದೂರದ ಜ್ಞಾನವನ್ನು ಹಳ್ಳಿಯ ಮಗುವಿನ ಅಂಗೈಗೆ ತಂದ ಉಪಕಾರಿ ಅದು. ಆದರೆ ಉಪಕರಣವು ಆಳಾಗಿರಬೇಕೇ ಹೊರತು ಅರಸಾಗಬಾರದು. ಕತ್ತಿಗೆ ಒರೆಯಿದೆ, ನೇಗಿಲಿಗೆ ಬಿಡುವಿನ ಕಾಲವಿದೆ. ದಿನವಿಡೀ ದುಡಿಯುವ ಕಣ್ಣಿಗೆ ಪ್ರಕೃತಿ ರೆಪ್ಪೆಯನ್ನು ಕೊಟ್ಟಿದೆ. ಅದನ್ನು ಆಗಾಗ ಮುಚ್ಚುವ ವಿವೇಕವನ್ನು ಮಾತ್ರ ಮನುಷ್ಯನೇ ಗಳಿಸಿಕೊಳ್ಳಬೇಕು.