ಹಿರಿಸೊಸೆ ಯಾರು?

ಒಂದೇ ಮನೆಯೊಳಗೆ ಹಿರಿಸೊಸೆ ಯಾರೆಂಬ ಬಗ್ಗೆ ತಕರಾರಿಲ್ಲ. ಎರಡು ಮನೆಗಳು ಕೂಡಿ ಒಲೆ ಒಂದಾಯಿತೋ, ಆಗ ನೋಡಿ ಗಮ್ಮತ್ತು! ಮೊದಲು ಹೊಸಿಲು ತುಳಿದವಳು ಹಿರಿಯಳೇ? ವಯಸ್ಸಾದವಳೇ? ಹೆಚ್ಚು ಕೆಲಸ ಬಲ್ಲವಳೇ?

ಕಾರಕೂನಿಕೆ ಮಾಡುವ ನಮಗೆ ಈ ಪ್ರಶ್ನೆಯ ಬಿಸಿ ಹೊಸದಲ್ಲ. 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದು, ಮದರಾಸು ರಾಜ್ಯಗಳ ಕನ್ನಡ ಭಾಗಗಳೂ ಕೊಡಗೂ ಮೈಸೂರಿನೊಡನೆ ಕೂಡಿದವು. ನಾಡು ಒಂದು ದಿನದಲ್ಲಿ ಒಂದಾಯಿತು. ನೌಕರರ ಹಿರಿತನದ ಪಟ್ಟಿ ಒಂದಾಗಲು ಆಕ್ಷೇಪಣೆ, ಅರ್ಜಿ, ಕೋರ್ಟು ಎಂದು ವರ್ಷಗಳೇ ಹಿಡಿದವು.

ಇದೇ ಕಥೆ ಆಕಾಶದಲ್ಲಿಯೂ ನಡೆದಿದೆ. ಲೋಹಗಾಂವದಿಂದ ಮಕ್ಕಳನ್ನು ವಿಮಾನ ಹತ್ತಿಸಿ ಬರುವ ನಮ್ಮ ಕುಟುಂಬಗಳು ಇದನ್ನು ತಿಳಿದಿರುವುದು ಒಳ್ಳೆಯದು. ಪೈಲಟರಿಗೆ ಹಿರಿತನವೆಂದರೆ ಬರಿಯ ಮಾನವಲ್ಲ. ಕ್ಯಾಪ್ಟನ್ ಆಗುವುದೆಂದು, ಯಾವ ವಿಮಾನ ನಡೆಸುವುದು, ದೀಪಾವಳಿಗೆ ಮನೆಯಲ್ಲಿರುವುದುಂಟೇ ಎಂಬುದೆಲ್ಲ ಬಹುಮಟ್ಟಿಗೆ ಆ ಪಟ್ಟಿಯ ಮೇಲೆಯೇ ನಿಂತಿದೆ.

2007ರಲ್ಲಿ ಸರಕಾರವು ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್ ಎರಡನ್ನೂ ಕೂಡಿಸಿತು. ಹೆಸರು ಒಂದಾಯಿತು, ಸಂಬಳವೂ ಬಡ್ತಿಯೂ ಒಂದಾಗಲಿಲ್ಲ. 2011ರ ಏಪ್ರಿಲ್ ಕೊನೆಯಲ್ಲಿ ಹಳೆಯ ಇಂಡಿಯನ್ ಏರ್‌ಲೈನ್ಸಿನ ಪೈಲಟರು ಸಮಾನ ಸಂಬಳ ಬೇಕೆಂದು ಹತ್ತು ದಿನ ಮುಷ್ಕರ ಹೂಡಿದರು. ಮುಂದಿನ ಮೇ ತಿಂಗಳಲ್ಲಿ ಹಳೆಯ ಏರ್ ಇಂಡಿಯಾದವರ ಸರದಿ. ಹೊಸ ಬೋಯಿಂಗ್ 787ರ ತರಬೇತಿಯನ್ನು ಆ ಕಡೆಯವರಿಗೂ ಕೊಟ್ಟರೆ ತಮ್ಮ ಬಡ್ತಿಗೆ ಕುತ್ತೆಂದು ಅವರು 58 ದಿನ ಕೆಲಸ ಬಿಟ್ಟರು. ವಿದೇಶದ ಹಾರಾಟಗಳು ಕುಸಿದವು. ದೇಶದೊಳಗಿನ ವಿಮಾನಗಳನ್ನು ಇನ್ನೊಂದು ಪಂಗಡದವರು ಹಾರಿಸುತ್ತಲೇ ಇದ್ದರು. ನೂರರಷ್ಟು ಜನ ವಜಾ ಆದರು, ಸಂಘದ ಮಾನ್ಯತೆ ಹೋಯಿತು. ಕೊನೆಗೆ ದೆಹಲಿ ಹೈಕೋರ್ಟಿನ ಮುಂದೆ ಕೆಲಸಕ್ಕೆ ಮರಳುವುದಾಗಿ ಒಪ್ಪಿಕೊಳ್ಳಬೇಕಾಯಿತು.

ನೋಡಿದಿರಾ? ಒಂದು ವರ್ಷ ಅವರು, ಮರುವರ್ಷ ಇವರು. ಇಬ್ಬರ ಸಂಕಟವೂ ನಿಜವೇ. ಆದರೆ ಕೂಡಿ ಕೇಳಲಿಲ್ಲವಾದ್ದರಿಂದ ಯಾರ ಮಾತಿಗೂ ತೂಕ ಬರಲಿಲ್ಲ. ಇಬ್ಬರ ಜಗಳ ಮೂರನೆಯವನಿಗೆ ಲಾಭ. ನಿವೃತ್ತ ನ್ಯಾಯಮೂರ್ತಿ ಧರ್ಮಾಧಿಕಾರಿಯವರ ಸಮಿತಿ ಇದನ್ನೆಲ್ಲ ವಿಚಾರಿಸಿ ವರದಿ ಕೊಟ್ಟದ್ದು 2012ರಲ್ಲಿ. ಮದುವೆಯಾಗಿ ಐದು ವರ್ಷದ ಮೇಲೆ ಜಾತಕ ನೋಡಿದಂತಾಯಿತು!

ಅಮೇರಿಕದಲ್ಲಿ ಇನ್ನೊಂದು ಬಗೆ. ಅಲ್ಲಿಯ ದೊಡ್ಡ ಕಂಪನಿಗಳು ಸಣ್ಣ ಊರುಗಳ ಹಾರಾಟವನ್ನು ಬೇರೆ ಸಣ್ಣ ಕಂಪನಿಗಳಿಗೆ ಗುತ್ತಿಗೆ ಕೊಡುತ್ತವೆ. ವಿಮಾನದ ಮೈಮೇಲೆ ದೊಡ್ಡವರ ಬಣ್ಣ, ಪೈಲಟನ ಕೈಯಲ್ಲಿ ಸಣ್ಣವರ ಪಗಾರ. ಅವನು ದೊಡ್ಡ ಕಂಪನಿಗೆ ಹೋದರೆ ಹಳೆಯ ಹಿರಿತನಕ್ಕೆ ಬೆಲೆಯಿಲ್ಲ, ಪಂಕ್ತಿಯ ಕೊನೆಯ ಎಲೆಯೇ ಗತಿ. ಆದುದರಿಂದಲೇ ದೊಡ್ಡ ಕಂಪನಿಯ ಪೈಲಟರು, ಎಷ್ಟು ಆಸನಗಳವರೆಗಿನ ವಿಮಾನವನ್ನು ಹೊರಗೆ ಕೊಡಬಹುದೆಂಬುದನ್ನು ಕರಾರಿನಲ್ಲಿಯೇ ಬರೆಸಿಕೊಳ್ಳುತ್ತಾರೆ. 2009ರ ಫೆಬ್ರವರಿಯಲ್ಲಿ ಬಫೆಲೋ ಊರಿನ ಬಳಿ ಇಂಥ ಒಂದು ವಿಮಾನ ಬಿದ್ದು 50 ಜನ ಸತ್ತರು. ಹೊರಗಿನ ಹೆಸರು ಕಾಂಟಿನೆಂಟಲ್, ನಡೆಸಿದವರು ಕೋಲ್ಗನ್. ಆ ವಿಚಾರಣೆಯಲ್ಲಿ ಇಂಥ ಪೈಲಟರ ದಣಿವು, ತರಬೇತಿ, ಸಂಬಳದ ಸಂಗತಿಗಳೆಲ್ಲ ಬಯಲಿಗೆ ಬಂದವು. ಪ್ರಯಾಣಿಕನಿಗೂ ಇದರಲ್ಲಿ ಪಾಲುಂಟೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ನಮ್ಮಲ್ಲಿ ಏರ್ ಇಂಡಿಯಾ 2022ರ ಜನವರಿಯಲ್ಲಿ ಟಾಟಾ ಅವರ ಕೈಸೇರಿತು. 2024ರ ನವೆಂಬರಿನಲ್ಲಿ ವಿಸ್ತಾರಾ ಅದರೊಳಗೆ ಕೂಡಿತು. ಕೂಡುವ ಮೊದಲೇ, ಆ ವರ್ಷದ ಏಪ್ರಿಲಿನಲ್ಲಿ, ಖಾತರಿ ಸಂಬಳ 70 ಗಂಟೆಗಳ ಬದಲು 40 ಗಂಟೆಗಳ ಹಾರಾಟಕ್ಕೆ ಇಳಿಯಿತೆಂದು ವಿಸ್ತಾರಾ ಪೈಲಟರು ಅಸಮಾಧಾನಗೊಂಡರು. ಅನೇಕರು ರಜೆ ಹಾಕಿದರು, ಹಾರಾಟಗಳು ರದ್ದಾದವು.

ಇದು ಪೈಲಟರದೊಂದೇ ಪಾಡೇ? 2019ರಲ್ಲಿ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನೊಳಗೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿದಾಗ ನಮ್ಮವರ ಎಷ್ಟೋ ಮನೆಗಳಲ್ಲಿ ಇದೇ ಲೆಕ್ಕಾಚಾರ ನಡೆಯಿತು. ನಾಳೆ ನಿಮ್ಮ ಕಾರಖಾನೆಯೋ ಕಚೇರಿಯೋ ಇನ್ನೊಂದರೊಡನೆ ಕೂಡಬಹುದು. ಆಗ ಹೊಸ ಹೆಸರಿಗೆ ಮರುಳಾಗದೆ ಪಟ್ಟಿಯನ್ನು ಮೊದಲು ಕೇಳಿರಿ. ಎರಡೂ ಕಡೆಯವರು ಒಟ್ಟಿಗೆ ಕೂತು, ನಡುವೆ ನ್ಯಾಯವಂತನೊಬ್ಬನನ್ನು ಕೂಡಿಸಿಕೊಂಡು, ಕೂಡುವ ಮುನ್ನವೇ ಅದನ್ನು ತೀರ್ಮಾನಿಸಿಕೊಳ್ಳಿರಿ. ಹಿಂದಿನ ಹೆಜ್ಜೆಯವನ ಕೈಯನ್ನು ಬಿಟ್ಟು ಮುಂದೆ ಓಡಿದವನು ಒಂಟಿಯಾಗಿ ನಿಲ್ಲುತ್ತಾನೆ. ಒಂಟಿ ದನಿಗೆ ಯಾವ ಸಾಹೇಬನೂ ಕಿವಿಗೊಡುವುದಿಲ್ಲ.