ಬೈಯೋದಾದ್ರೆ ಮಗನನ್ನಲ್ಲ, ಬ್ಯಾಟರಿ ಅಂಟಿಸಿದವರನ್ನ ಬೈಯಿರಿ!

"ರಾತ್ರಿಯೆಲ್ಲ ಚಾರ್ಜಿಗೆ ಹಾಕಿ ಮಲಗ್ತಾನೆ, ಅದಕ್ಕೇ ಬ್ಯಾಟರಿ ಹಾಳಾಗಿದ್ದು."

"ಪೂರ್ತಿ ಖಾಲಿ ಆದ್ಮೇಲೇ ಚಾರ್ಜಿಗೆ ಹಾಕ್ಬೇಕಪ್ಪಾ, ಇಲ್ಲಾಂದ್ರೆ ಬ್ಯಾಟರಿಗೆ ಅದೇ ಅಭ್ಯಾಸ ಆಗ್ಬಿಡುತ್ತೆ."

"ಹೊಸದಾಗಿ ತಂದ ದಿನ ಎಂಟು ಗಂಟೆ ಚಾರ್ಜ್ ಮಾಡಿದ್ರೋ ಇಲ್ವೋ?"

ಕೈಯಲ್ಲಿ ಹಿಡ್ಕೊಂಡು ಆಡೋ ವೀಡಿಯೋ ಗೇಮ್ ಇರೋ ಮನೆಯಲ್ಲಿ ಈ ಮೂರು ಮಾತಲ್ಲಿ ಒಂದಾದ್ರೂ ಕೇಳಿಬಂದೇ ಬರುತ್ತೆ. ಅಪ್ಪ ಹೇಳ್ತಾರೆ, ಅಂಗಡಿಯವರು ಹೇಳ್ತಾರೆ, ಇಂಜಿನಿಯರಿಂಗ್ ಓದ್ತಿರೋ ಪಕ್ಕದ ಮನೆ ಅಣ್ಣನೂ ಹೇಳ್ತಾನೆ. ಎಲ್ಲರ ತೀರ್ಪೂ ಒಂದೇ.. ತಪ್ಪು ಆಡೋ ಹುಡುಗನದ್ದು.

ನಾನು ಒಪ್ಪೋದಿಲ್ಲ. ಬ್ಯಾಟರಿ ಅನ್ನೋದು ಸೈಕಲ್ಲಿನ ಟೈರ್ ಇದ್ದ ಹಾಗೆ, ಸವೆಯೋದಕ್ಕೇ ಹುಟ್ಟಿದ ಸಾಮಾನು. ಎಷ್ಟೇ ಜೋಪಾನ ಮಾಡಿದ್ರೂ ಒಂದು ದಿನ ಸವೆಯುತ್ತೆ. ಸವೆಯೋ ಸಾಮಾನನ್ನ ಬದಲಾಯಿಸೋಕೇ ಆಗದ ಹಾಗೆ ಒಳಗೆ ಅಂಟು ಹಾಕಿ ಕೂರಿಸಿದವರನ್ನ ಬಿಟ್ಟು, ಸವೆಸಿದ ಮಗುವನ್ನ ಬೈಯೋದು ಯಾವ ನ್ಯಾಯ ಸ್ವಾಮಿ?

ಮೊದಲು ಆ ಉಪದೇಶಗಳ ವಿಚಾರ ಮುಗಿಸಿಬಿಡೋಣ. "ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡು" ಅನ್ನೋದು ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಕಾಲದ ಮಾತು. ಆ ಜಾತಿಯ ಬ್ಯಾಟರಿಗೆ 'ಮೆಮೊರಿ ಎಫೆಕ್ಟ್' ಅಂತ ಒಂದು ಕಾಯಿಲೆ ಇತ್ತು, ಮತ್ತೆ ಮತ್ತೆ ಅರ್ಧಕ್ಕೇ ಚಾರ್ಜ್ ಮಾಡಿದ್ರೆ ಅರ್ಧಕ್ಕೇ ಸುಸ್ತಾಗೋದು. ಲಿಥಿಯಂ-ಅಯಾನ್ ಬ್ಯಾಟರಿಗೆ ಆ ಕಾಯಿಲೆ ಇಲ್ಲ. ಸೋನಿ ಅದನ್ನ 1991ರಲ್ಲೇ ಮಾರುಕಟ್ಟೆಗೆ ತಂದಿತ್ತು. ನಿಂಟೆಂಡೊ ತನ್ನ ಕೈಯಂತ್ರಕ್ಕೆ ಅದನ್ನ ಹಾಕಿದ್ದು 2003ರ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿಯಲ್ಲಿ. ಅಂದ್ರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಾವು ಇಲ್ಲದ ಕಾಯಿಲೆಗೆ ಪಥ್ಯ ಮಾಡ್ತಾ ಇದೀವಿ! ಅದೂ ಉಲ್ಟಾ ಪಥ್ಯ. ಲಿಥಿಯಂ ಬ್ಯಾಟರಿಯನ್ನ ದಿನಾ ತಳ ಕಾಣೋವರೆಗೆ ಖಾಲಿ ಮಾಡಿದ್ರೆ ಅದರ ಆಯಸ್ಸು ಕಮ್ಮಿಯೇ ಆಗುತ್ತೆ.

ಹಾಗಾದ್ರೆ ಅದನ್ನ ನಿಜವಾಗಿ ತಿನ್ನೋದು ಯಾವುದು? ಮುಖ್ಯವಾಗಿ ಮೂರು.

ಒಂದು, ಬಿಸಿ. ಎರಡು, ತುಂಬಿದ ಹೊಟ್ಟೆಯಲ್ಲೇ ದಿನಗಟ್ಟಲೆ ಇರೋದು. ಇಂಥ ಒಂದು ಸೆಲ್ಲು ತುಂಬಿದಾಗ ಸುಮಾರು 4.2 ವೋಲ್ಟ್‌ನಲ್ಲಿ ನಿಂತಿರುತ್ತೆ, ಅಷ್ಟು ಒತ್ತಡದಲ್ಲಿ ಒಳಗಿನ ರಸಾಯನ ಬೇಗ ಕೆಡುತ್ತೆ. ಬಿಸಿಯೂ ಸೇರಿದ್ರೆ ಕೇಳೋದೇ ಬೇಡ. ಮೂರು, ಖಾಲಿ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಬೀರುವಿನಲ್ಲಿ ಬಿದ್ದಿರೋದು. ತಾನಾಗಿಯೇ ಸೋರಿ ಸೋರಿ ಕೊನೆಗೆ ಚಾರ್ಜೇ ತಗೊಳ್ಳದ ಮಟ್ಟಕ್ಕೆ ಇಳಿದುಬಿಡುತ್ತೆ. ಬಳಸದಿದ್ರೂ ಆರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ ಅಂತ ನಿಂಟೆಂಡೊ ಹೇಳೋದು ಇದಕ್ಕೇ.

ಈಗ ಎರಡನೇ ಅಂಶ ಮತ್ತೊಂದ್ಸಲ ಓದಿ. ಆಮೇಲೆ 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್ ನೆನಪಿಸ್ಕೊಳ್ಳಿ. ಅದರ ಜೊತೆ ಒಂದು ಡಾಕ್ ಕೊಡ್ತಾರೆ. ಯಂತ್ರವನ್ನ ಅದರೊಳಗೆ ಇಳಿಸಿದ್ರೆ ಆಟ ಟಿವಿಯಲ್ಲಿ ಬರುತ್ತೆ, ಜೊತೆಗೇ ಚಾರ್ಜೂ ಆಗ್ತಾ ಇರುತ್ತೆ. ಆಡದೇ ಇದ್ದಾಗ ಅದರ ಜಾಗವೂ ಅದೇ. ಅಂದ್ರೆ ಬ್ಯಾಟರಿ ತುಂಬಿಕೊಂಡೇ ಇರುತ್ತೆ, ಟಿವಿಯಲ್ಲಿ ಆಡೋ ಹೊತ್ತಲ್ಲಿ ಪಕ್ಕದ ಚಿಪ್ಪು ಕಾಯ್ತಾನೂ ಇರುತ್ತೆ. ಬಳಸೋ ಕ್ರಮವನ್ನ ಹೀಗೆ ರೂಪಿಸಿದವರು ಕಂಪನಿಯವರು, ಆ ಕ್ರಮದಲ್ಲೇ ಬಳಸಿದ ಹುಡುಗನಿಗೆ ಮಾತ್ರ ಬೈಗುಳ! 80ಕ್ಕೋ 90ಕ್ಕೋ ಚಾರ್ಜ್ ನಿಲ್ಲಿಸು ಅನ್ನೋ ಒಂದು ಸೆಟ್ಟಿಂಗ್ ಆದ್ರೂ ಕೊಟ್ರಾ? ಇಲ್ಲ. ಅದಕ್ಕೆ 2025ರ ಸ್ವಿಚ್ 2 ಬರಬೇಕಾಯ್ತು, ಅದರಲ್ಲಿ ಸುಮಾರು 90ಕ್ಕೆ ನಿಲ್ಲಿಸೋ ಆಯ್ಕೆ ಇದೆ. ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಬಂದಿದ್ದು 2022ರಲ್ಲಿ, ಅದಕ್ಕೆ ಚಾರ್ಜ್ ಮಿತಿಯ ಸೆಟ್ಟಿಂಗ್ ಸಿಕ್ಕಿದ್ದೂ 2025ರಲ್ಲೇ, ಒಂದು ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ.

ಇದೇನು ಹೊಸ ಸಂಶೋಧನೆಯಾ? ಅಲ್ಲ! ಇದೇ ಸೋನಿಯ ವಾಯೋ ಲ್ಯಾಪ್‌ಟಾಪ್‌ಗಳಲ್ಲಿ 80ಕ್ಕೆ ಚಾರ್ಜ್ ನಿಲ್ಲಿಸೋ ವ್ಯವಸ್ಥೆ ಮುಂಚಿನಿಂದಲೇ ಇತ್ತು. ಆಫೀಸಿಗೆ ಹೋಗೋರ ಬ್ಯಾಟರಿ ಉಳಿಸೋಕೆ ಗೊತ್ತಿದ್ದ ಕಂಪನಿ 2011ರಲ್ಲಿ ವೀಟಾ ಮಾಡಿದಾಗ ಅದನ್ನ ಅದಕ್ಕೆ ಕೊಡಲಿಲ್ಲ. ಮಕ್ಕಳ ಆಟದ ಸಾಮಾನಿಗೆ ಯಾಕೆ ಬಿಡಿ ಅಂದುಕೊಂಡ್ರೋ ಏನೋ..

"ಹಿಂದೆಲ್ಲ ಹೀಗಿರಲಿಲ್ವಾ?" ಅಂತೀರಾ? ಇರಲಿಲ್ಲ.

1989ರ ಗೇಮ್ ಬಾಯ್ ನೋಡಿ. ನಾಲ್ಕು ಡಬಲ್ ಎ ಸೆಲ್ಲು, ಗೋಡೆ ಗಡಿಯಾರಕ್ಕೆ ಹಾಕ್ತೀವಲ್ಲ, ಅದೇ. ಬಣ್ಣ ಇಲ್ಲ, ಪರದೆಯ ಹಿಂದೆ ಬೆಳಕಿಲ್ಲ, ಆದ್ರೆ ಸುಮಾರು 15 ಗಂಟೆ ಆಡಬಹುದಿತ್ತು. ಅದರ ಹಿಂದಿದ್ದ ಗುನ್‌ಪೆ ಯೊಕೊಯಿ ಅವರ ಸಿದ್ಧಾಂತವೇ ಅದು: ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನೇ ತಗೋ, ಹೊಸ ಥರ ಬಳಸು. ಅದೇ ವರ್ಷ ಬಂದ ಅಟಾರಿ ಲಿಂಕ್ಸ್‌ಗೆ ಬಣ್ಣವೂ ಇತ್ತು, ಬೆಳಕೂ ಇತ್ತು. ಆದ್ರೆ ಆರು ಸೆಲ್ಲು ನುಂಗಿ ನಾಲ್ಕೈದು ಗಂಟೆಗೆ ಮಲಗ್ತಿತ್ತು. 1990ರ ಸೇಗಾ ಗೇಮ್ ಗಿಯರ್‌ದೂ ಅದೇ ಕಥೆ, ಆರು ಸೆಲ್ಲಿಗೆ ಮೂರರಿಂದ ಐದು ಗಂಟೆ. ಗೆದ್ದವರು ಯಾರು? ಗೇಮ್ ಬಾಯ್ ಮತ್ತು ಗೇಮ್ ಬಾಯ್ ಕಲರ್ ಸೇರಿ 11 ಕೋಟಿ 86 ಲಕ್ಷಕ್ಕೂ ಹೆಚ್ಚು ಮಾರಾಟ ಆದವು. ಬೇರೆ ಕಾರಣಗಳೂ ಇದ್ವು, ಇಲ್ಲ ಅನ್ನಲ್ಲ, ಆದ್ರೆ ಬ್ಯಾಟರಿಯೂ ಒಂದು ದೊಡ್ಡ ಕಾರಣ. ಮುಖ್ಯವಾದ ಮಾತು ಏನಂದ್ರೆ, ಸೆಲ್ಲು ಮುಗಿದ್ರೆ ಹಿಂದಿನ ಮುಚ್ಚಳ ತೆಗೆದು ಹೊಸದು ಹಾಕ್ತಿದ್ರು. ಮೂವತ್ತು ವರ್ಷ ದಾಟಿದ ಗೇಮ್ ಬಾಯ್‌ಗೂ ಇವತ್ತು ಬೀದಿ ಕೊನೆಯ ಕಿರಾಣಿ ಅಂಗಡಿಯ ಸೆಲ್ಲು ಸಾಕು.

ಚಾರ್ಜ್ ಆಗೋ ಬ್ಯಾಟರಿ ಬಂದ ಮೇಲೂ ಸ್ವಲ್ಪ ಕಾಲ ಮರ್ಯಾದೆ ಉಳಿದಿತ್ತು. ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿಯಲ್ಲೂ ಡಿಎಸ್ ಲೈಟ್‌ನಲ್ಲೂ ಬ್ಯಾಟರಿಯ ಮುಚ್ಚಳಕ್ಕೆ ಒಂದೇ ಒಂದು ಸ್ಕ್ರೂ. ಸೋನಿಯ ಪಿಎಸ್‌ಪಿಗೆ ಅದೂ ಇರಲಿಲ್ಲ, ಕೈಯಲ್ಲೇ ಮುಚ್ಚಳ ತೆಗೆದು ಬ್ಯಾಟರಿ ಈಚೆ ತೆಗೀಬಹುದಿತ್ತು. ಊರಿಗೆ ಹೋಗುವಾಗ ಇನ್ನೊಂದು ಬ್ಯಾಟರಿ ಜೇಬಲ್ಲಿಟ್ಟುಕೊಂಡು ಬಸ್ಸು ಹತ್ತಬಹುದಿತ್ತು. 2009ರಲ್ಲಿ ಪಿಎಸ್‌ಪಿ ಗೋ ಬಂತು, ಬ್ಯಾಟರಿ ಒಳಗೇ ಉಳೀತು. 2011ರ ವೀಟಾದಲ್ಲೂ ಒಳಗೇ. ಸ್ವಿಚ್‌ನ ಹಿಂಬದಿಗೆ ಸಾಮಾನ್ಯ ಸ್ಕ್ರೂಡ್ರೈವರ್ ಕೂರದ ಮೂರು ರೆಕ್ಕೆಯ ಸ್ಕ್ರೂಗಳು, ಒಳಗೆ ಲೋಹದ ತಗಡು, ಅದರ ಕೆಳಗೆ ಅಂಟಿಸಿದ ಬ್ಯಾಟರಿ. ಸ್ಟೀಮ್ ಡೆಕ್‌ನ ಒಳಗೂ ಅಂಟು. ಸ್ವಿಚ್ 2ರ ಬ್ಯಾಟರಿಯನ್ನಂತೂ ಎಷ್ಟು ಗಟ್ಟಿಯಾಗಿ ಅಂಟಿಸಿದ್ರು ಅಂದ್ರೆ, ಯಂತ್ರಗಳನ್ನ ಬಿಚ್ಚಿ ನೋಡೋ ಐಫಿಕ್ಸಿಟ್‌ನವರು 2025ರಲ್ಲಿ ರಿಪೇರಿ ವಿಷಯದಲ್ಲಿ ಅದಕ್ಕೆ ಹತ್ತಕ್ಕೆ ಮೂರು ಅಂಕ ಕೊಟ್ಟರು.

ಒಂದು ಸಣ್ಣ ಲೆಕ್ಕ ಹಾಕೋಣ. ಬ್ಯಾಟರಿ 500 ಸಲ ತುಂಬಿ ಖಾಲಿಯಾದ ಮೇಲೆ ಸೊರಗುತ್ತೆ ಅಂತ ಇಟ್ಕೊಳ್ಳಿ (ಲೆಕ್ಕಕ್ಕೆ ಅಷ್ಟೇ, ಎರಡು ಕಡೆಗೂ ಒಂದೇ ಅಳತೆ). ಹುಡುಗ ದಿನಕ್ಕೆ ಎರಡು ಗಂಟೆ ಆಡ್ತಾನೆ. 2006ರ ಡಿಎಸ್ ಲೈಟ್ ಪರದೆಯ ಬೆಳಕು ಪೂರ್ತಿ ಏರಿಸಿದ್ರೂ ಐದು ಗಂಟೆ ಬರ್ತಿತ್ತು. ಅಂದ್ರೆ ಎರಡೂವರೆ ದಿನಕ್ಕೆ ಒಂದು ಚಾರ್ಜ್. 500 ಚಾರ್ಜಿಗೆ 1250 ದಿನ, ಸುಮಾರು ಮೂರೂವರೆ ವರ್ಷ. ಬೆಳಕು ಇಳಿಸಿದ್ರೆ ಇನ್ನೂ ಎಷ್ಟೋ ಹೆಚ್ಚು. ಸ್ವಿಚ್ 2ಕ್ಕೆ ಕಂಪನಿಯೇ ಹೇಳೋದು 2ರಿಂದ 6.5 ಗಂಟೆ. ಭಾರೀ ಆಟ ಆದ್ರೆ ದಿನಕ್ಕೊಂದು ಚಾರ್ಜ್. 500 ದಿನ, ಒಂದೂವರೆ ವರ್ಷವೂ ಇಲ್ಲ. ಬೇಗ ಸವೆಯೋ ಯಂತ್ರಕ್ಕೆ ಅಂಟು, ನಿಧಾನಕ್ಕೆ ಸವೀತಿದ್ದ ಯಂತ್ರಕ್ಕೆ ಮುಚ್ಚಳ. ತಲೆಕೆಳಗು ಅಂದ್ರೆ ಇದೇ ಅಲ್ವಾ?

"ತೆಳ್ಳಗೆ ಬೇಕು ಅಂದ್ರೆ ಅಂಟಿಸಲೇಬೇಕು" ಅನ್ನೋ ಸಮರ್ಥನೆ ಗೊತ್ತಿದೆ. ನಿಜ, ಮುಚ್ಚಳ, ಗೂಡು, ಬ್ಯಾಟರಿಗೆ ಅದರದ್ದೇ ಗಟ್ಟಿ ಕವಚ, ಇದೆಲ್ಲ ಜಾಗ ತಿನ್ನುತ್ತೆ. ಸ್ವಿಚ್ 13.9 ಮಿಲಿಮೀಟರ್ ದಪ್ಪ ಇದೆ. 16 ಮಿಲಿಮೀಟರ್ ಇದ್ದಿದ್ರೆ ಯಾವ ಮಗು ಬೇಡ ಅಂತಿತ್ತು? ಇದೇನು ಜುಬ್ಬಾ ಜೇಬಿಗೆ ಇಳಿಸೋ ಫೋನಾ? "ನೀರು ಹೋಗಬಾರದು" ಅನ್ನೋ ಫೋನ್ ಕಂಪನಿಗಳ ನೆಪವೂ ಇಲ್ಲಿ ನಡೆಯಲ್ಲ. ಗಾಳಿ ಓಡಾಡೋಕೆ ಫ್ಯಾನು, ತೂತು ಇಟ್ಟ ಯಂತ್ರಕ್ಕೆ ಎಲ್ಲಿಯ ನೀರಿನ ರಕ್ಷಣೆ?

ಇನ್ನೊಂದು ಉತ್ತರ, "ಸರ್ವಿಸ್ ಸೆಂಟರಿಗೆ ಕಳಿಸಿ, ದುಡ್ಡು ಕೊಟ್ರೆ ಬದಲಾಯಿಸಿ ಕೊಡ್ತಾರೆ" ಅನ್ನೋದು. ಅಮೆರಿಕದಲ್ಲಿ, ಜಪಾನಿನಲ್ಲಿ ಇರೋರಿಗೆ ಸರಿ. ನಮ್ಮ ಕಡೆ? 2017ರಲ್ಲಿ ಸ್ವಿಚ್ ಬಂದಾಗ ಭಾರತದಲ್ಲಿ ಅದರ ಅಧಿಕೃತ ಮಾರಾಟವೇ ಇರಲಿಲ್ಲ. ದುಬೈಯಿಂದ ಬಂದ ಮಾವನ ಸೂಟ್‌ಕೇಸಿನಲ್ಲೋ, ಆಮದು ಮಾಡೋ ಅಂಗಡಿಯಿಂದಲೋ ಬಂದ ಯಂತ್ರಕ್ಕೆ ಯಾವ ಸರ್ವಿಸ್ ಸೆಂಟರು? ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಯಾರಾದ್ರೂ ಪುಣ್ಯಾತ್ಮರು ಬಿಸಿಗಾಳಿ ಬಿಟ್ಟು, ಅಂಟು ಕರಗಿಸಿ, ಪ್ಲಾಸ್ಟಿಕ್ ಪಟ್ಟಿಯಲ್ಲಿ ಎಬ್ಬಿಸಬೇಕು. ಲಿಥಿಯಂ ಪೊಟ್ಟಣ ಬಗ್ಗಿದ್ರೆ, ತೂತಾದ್ರೆ ಬೆಂಕಿ ಹತ್ತಬಹುದು. ಒಂದು ಸ್ಕ್ರೂ ತಿರುಗಿಸಿ ಮುಗಿಸೋ ಕೆಲಸವನ್ನ ಬೆಂಕಿ ಜೊತೆ ಆಡೋ ಕೆಲಸ ಮಾಡಿಟ್ಟಿದ್ದಾರೆ.

ಅಸಲಿ ಬ್ಯಾಟರಿ ಸುಲಭಕ್ಕೆ ಸಿಗದ ಕಡೆ ನಕಲಿಯದ್ದೇ ರಾಜ್ಯ. ಮೊದಲ ಪಿಎಸ್‌ಪಿಯ ಅಸಲಿ ಬ್ಯಾಟರಿ 1800 ಎಂಎಎಚ್, ಆಮೇಲಿನ ತೆಳು ಮಾದರಿಯದ್ದು 1200. ಆ ತೆಳು ಮಾದರಿಗೆ ಸೋನಿಯೇ 2200ರದ್ದು ಮಾಡಿದಾಗ ಅದು ಒಳಗೆ ಹಿಡಿಸದೆ ಉಬ್ಬಿದ ಬೇರೆ ಮುಚ್ಚಳ ಕೊಡಬೇಕಾಯ್ತು. ಆದ್ರೆ ಮಾರುಕಟ್ಟೆಯಲ್ಲಿ ಅದೇ ಅಳತೆಯ ಗೂಡಿಗೆ ಸಲೀಸಾಗಿ ಕೂರೋ '3600' ಅಂತ ಚೀಟಿ ಅಂಟಿಸಿದ ಬ್ಯಾಟರಿಗಳೂ ಬಂದವು. ಚೀಟಿ ಮೇಲೆ ಏನು ಬೇಕಾದ್ರೂ ಬರೀಬಹುದು, ಗೂಡಿನ ಅಳತೆ ಸುಳ್ಳು ಹೇಳಲ್ಲ.

ಕಾನೂನು ಮನಸ್ಸು ಮಾಡಿದ್ರೆ ಕಂಪನಿಗಳು ದಾರಿಗೆ ಬರ್ತಾವೆ. ವೀಟಾ ಮೊದಲು ಬಂದಾಗ ಅದರ ಚಾರ್ಜರ್ ತೂತಿಗೆ ಅದರದ್ದೇ ಕೇಬಲ್ ಬೇಕಿತ್ತು, ಕಳೆದ್ರೆ ಮುಗೀತು. ಈಗ ಯೂರೋಪಿನಲ್ಲಿ ಆ ಆಟ ನಡೆಯಲ್ಲ. ಅಲ್ಲಿ 2024ರ ಡಿಸೆಂಬರ್ 28ರಿಂದ ಹೊಸದಾಗಿ ಮಾರೋ ಕೈಯಲ್ಲಿ ಹಿಡಿಯೋ ಗೇಮ್ ಯಂತ್ರಗಳಿಗೂ ಯುಎಸ್‌ಬಿ-ಸಿ ಕಡ್ಡಾಯ. 2023ರಲ್ಲಿ ಅಲ್ಲಿ ಮಾಡಿದ ಬ್ಯಾಟರಿ ಕಾಯ್ದೆಯ ಪ್ರಕಾರ 2027ರ ಫೆಬ್ರವರಿ 18ರಿಂದ ಇಂಥ ಸಾಮಾನುಗಳ ಬ್ಯಾಟರಿಯನ್ನ ಕೊಂಡವರೇ ತೆಗೆದು ಬದಲಾಯಿಸೋ ಹಾಗಿರಬೇಕು. ಕೆಲವು ವಿನಾಯಿತಿಗಳಿವೆ, ಆದ್ರೆ ದಿಕ್ಕು ಸರಿ ಇದೆ. ನಮ್ಮಲ್ಲೂ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದಿವೆ. ಸತ್ತ ಬ್ಯಾಟರಿಯನ್ನ ವಾಪಸು ಪಡೆದು ಮರುಬಳಕೆ ಮಾಡಿಸೋ ಹೊಣೆ ತಯಾರಕರದ್ದು ಅನ್ನುತ್ತೆ ಅದು. ಒಳ್ಳೇದೇ. ಆದ್ರೆ ಅಂಟಿನೊಳಗೆ ಸತ್ತ ಬ್ಯಾಟರಿಯನ್ನ ಮನೆಯವರು ಹೊರಗೆ ತೆಗೆಯೋದು ಹೇಗೆ? ಚೆನ್ನಾಗಿರೋ ಪರದೆ, ಚೆನ್ನಾಗಿರೋ ಚಿಪ್ಪು, ಎಲ್ಲ ಸೇರಿ ಒಟ್ಟಿಗೆ ಗುಜರಿಗೆ. ಶವದ ಜೊತೆ ಮನೆಯನ್ನೂ ಸುಟ್ಟ ಹಾಗೆ.

ಹಾಗಂತ ನಾವು ಏನೂ ನೋಡ್ಕೋಬಾರದು ಅಂತಲ್ಲ. ಚಾರ್ಜ್ ಆಗುವಾಗ ದಿಂಬಿನ ಕೆಳಗೆ ಇಡಬೇಡಿ. ಪರೀಕ್ಷೆ ಮುಗಿಯೋವರೆಗೆ ಎತ್ತಿಡೋದಾದ್ರೆ ಅರ್ಧ ಚಾರ್ಜ್ ಮಾಡಿ ತಂಪಾದ ಕಡೆ ಇಡಿ. ಮಿತಿಯ ಸೆಟ್ಟಿಂಗ್ ಇದ್ರೆ ಹಾಕಿ. ಹಿಂಬದಿ ಉಬ್ಬಿದ್ರೆ ಒತ್ತಿ ಕೂರಿಸೋ ಸಾಹಸ ಬೇಡ, ಚಾರ್ಜರ್ ಕಿತ್ತು, ಗೊತ್ತಿರೋರ ಹತ್ತಿರ ಒಯ್ಯಿರಿ, ಕಸದ ಬುಟ್ಟಿಗಂತೂ ಹಾಕಲೇಬೇಡಿ. ಇಷ್ಟು ಸಾಕು. ಇದಕ್ಕಿಂತ ಹೆಚ್ಚಿನ ಮಡಿ-ಮೈಲಿಗೆ ಬೇಕಿಲ್ಲ. ಇಷ್ಟೆಲ್ಲ ಮಾಡಿದ್ರೂ ಸಿಗೋದು ಇನ್ನೊಂದಿಷ್ಟು ದಿನ ಮಾತ್ರ, ಹೊಸ ಬ್ಯಾಟರಿ ಅಲ್ಲ.

ಮುಂದಿನ ಸಲ ಇಂಥದ್ದೊಂದು ಕೊಳ್ಳೋಕೆ ಹೋದಾಗ ಪರದೆ ಎಷ್ಟು ಇಂಚು, ಬ್ಯಾಟರಿ ಎಷ್ಟು ಗಂಟೆ ಅಂತ ಕೇಳೋದರ ಜೊತೆ "ಬ್ಯಾಟರಿ ಸತ್ತರೆ ಬಿಚ್ಚೋದು ಹೇಗೆ?" ಅಂತಲೂ ಕೇಳಿ. ಅಂಗಡಿಯವರು ನಗಬಹುದು, ನಗಲಿ. ನೂರು ಜನ ಕೇಳಿದ್ರೆ ನೂರೊಂದನೆಯವರಿಗೆ ಉತ್ತರ ಹುಡುಕಿಟ್ಟಿರ್ತಾರೆ. ಅಲ್ಲಿವರೆಗೆ ದಯವಿಟ್ಟು ಆ ಹುಡುಗನನ್ನ ಬಿಟ್ಟುಬಿಡಿ, ಅವನು ಆಟ ಆಡಿದ್ದಾನೆ ಅಷ್ಟೇ. ನೀವೇನಂತೀರಿ?