ಲೆಕ್ಕದ ಪುಸ್ತಕ ಯಾರ ಮನೆಯಲ್ಲಿದೆ?



ದುಡ್ಡಿನ ಮಾತು ಎತ್ತಿದರೆ ನಮ್ಮ ಸಭೆಗಳಲ್ಲಿ ಒಂಥರಾ ಮುಜುಗರ. ಭೂಮಿ ಬಗ್ಗೆ ಮಾತಾಡ್ತೀವಿ, ಮೀಸಲಾತಿ ಬಗ್ಗೆ ಗಂಟಲು ಹರಿಯೋ ಹಾಗೆ ಮಾತಾಡ್ತೀವಿ. ಆದರೆ ‘ಹೋದ ತಿಂಗಳು ಬಂದ ದುಡ್ಡು ಎಲ್ಲಿ ಹೋಯ್ತಪ್ಪ’ ಅಂತ ಯಾರಾದರೂ ಕೇಳಿದರೆ ಮುಖ ಗಂಟು ಹಾಕ್ಕೊಂತೀವಿ. ಅದು ಅಂಗಡಿಯವನ ಮಾತು, ಹೋರಾಟಗಾರನ ಮಾತಲ್ಲ ಅನ್ನೋ ಭಾವನೆ.

ಈ ಮುಜುಗರಕ್ಕೆ ಕಾರಣ ಇಲ್ಲದೇ ಇಲ್ಲ. ‘ನಿಮ್ಮೋರಿಗೆ ದುಡ್ಡು ಇಟ್ಕೊಳ್ಳೋಕೆ ಬರಲ್ಲ, ಕುಡಿದು ಜಾತ್ರೆ ಮಾಡಿ ಹಾಳಾದ್ರು’ ಅನ್ನೋ ಮಾತನ್ನ ನಾವು ಹುಟ್ಟಿದಾಗಿನಿಂದ ಕೇಳಿದ್ದೀವಿ. ಕೂಲಿಯನ್ನೇ ಸರಿಯಾಗಿ ಕೊಡದವರು ಉಳಿತಾಯದ ಪಾಠ ಹೇಳೋಕೆ ಬರ್ತಾರೆ. ಬರೀ ಹೊಟ್ಟೆಯವನು ಏನನ್ನ ಉಳಿಸಬೇಕಿತ್ತು ಸ್ವಾಮಿ? ಹಸಿವನ್ನೇ? ಆ ಸುಳ್ಳಿಗೆ ನಾನು ದನಿಗೂಡಿಸೋದಿಲ್ಲ. ನಮ್ಮ ಬಡತನ ನಮ್ಮ ದುಂದಿನಿಂದ ಬಂದದ್ದಲ್ಲ. ಆದರೂ ಲೆಕ್ಕ ಇಡಬೇಕು ಅಂತೀನಿ. ಯಾಕೆ ಅನ್ನೋದಕ್ಕೆ ನಮ್ಮ ಮನೆ ಗೋಡೆಯ ಕತೆ ಹೇಳಬೇಕು.

ನಮ್ಮಪ್ಪ ತಂಗಿ ಮದುವೆಗೆ ಅಂತ ಊರ ದೊಡ್ಡ ಮನೆಯಲ್ಲಿ ಎಂಟು ನೂರು ರೂಪಾಯಿ ತಂದಿದ್ದ. ಬಡ್ಡಿ ತಿಂಗಳಿಗೆ ನೂರಕ್ಕೆ ಐದು. ಅಂದರೆ ತಿಂಗಳಿಗೆ ನಲವತ್ತು, ವರ್ಷಕ್ಕೆ ನಾನೂರ ಎಂಬತ್ತು. ಆ ಬಡ್ಡಿಗೆ ಬದಲಾಗಿ ಅಪ್ಪ ಅವರ ಹೊಲದಲ್ಲಿ ಗೇಯಬೇಕು, ದನ ನೋಡ್ಕೋಬೇಕು. ಅಪ್ಪನಿಗೆ ಅಕ್ಷರ ಬರ್ತಿರಲಿಲ್ಲ, ಹಾಗಂತ ಲೆಕ್ಕ ಇಡದೇ ಇರಲಿಲ್ಲ. ಗುಡಿಸಿಲ ಒಳಗೋಡೆ ಮೇಲೆ ಇದ್ದಿಲಲ್ಲಿ ಗೀಟು ಎಳೀತಿದ್ದ. ಗೇದ ದಿನಕ್ಕೆ ಒಂದು ಉದ್ದ ಗೀಟು, ಕೈಗೆ ಏನಾದರೂ ಕೊಟ್ಟರೆ ಒಂದು ಅಡ್ಡ ಗೀಟು. ಯುಗಾದಿ ಬಂತು ಅಂದರೆ ಅವ್ವ ಮನೆಗೆ ಸುಣ್ಣ ಬಳಿಯೋಳು. ವರ್ಷದ ಲೆಕ್ಕವೆಲ್ಲ ಸುಣ್ಣದ ಕೆಳಗೆ. ದೊಡ್ಡ ಮನೆಯ ಕೆಂಪು ಬಟ್ಟೆ ರಟ್ಟಿನ ಪುಸ್ತಕಕ್ಕೆ ಮಾತ್ರ ಯಾವ ಯುಗಾದಿಯೂ ಸುಣ್ಣ ಬಳಿಯಲಿಲ್ಲ.

1982ರಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಅಪ್ಪ ಮಾಡಿದ ಮೊದಲ ಕೆಲಸ ನನ್ನನ್ನ ಆ ಮನೆ ಜಗಲಿ ಮುಂದೆ ಕರಕೊಂಡು ಹೋಗಿ ನಿಲ್ಲಿಸಿದ್ದು. ‘ಬುದ್ದೀ, ನಮ್ಮ ಹೈದ ಓದವ್ನೆ, ವಸಿ ಲೆಕ್ಕ ತೋರಿಸಿ’ ಅಂದ. ಅವರು ಮೇಲೆ ಕೂತು ಓದಿದರು, ನಾವು ಕೆಳಗೆ ನಿಂತು ಕೇಳಿದೆವು. ಎಂಟು ನೂರು ಸಾವಿರದ ಮುನ್ನೂರ ಚಿಲ್ಲರೆ ಆಗಿತ್ತು. ಪುಸ್ತಕ ನನ್ನ ಕೈಗೆ ಕೊಡಲಿಲ್ಲ. ಆದರೆ ತಲೆಕೆಳಗಾಗಿ ಕಾಣ್ತಿದ್ದ ಹಾಳೆಯಲ್ಲಿ ಒಂದೇ ಕಂಬಳಿ ಎರಡು ಕಡೆ ಬರೆದದ್ದು ನನಗೆ ಕಂಡಿತು. ಹೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು, ನಕ್ಕು, ಮೂವತ್ತೈದು ರೂಪಾಯಿ ಹೊಡೆದು ಹಾಕಿದರು. ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ. ಮನೆಗೆ ಬಂದವನೇ ಅವ್ವನಿಗೆ ‘ಓದಕ್ಕೆ ಬಂದ್ರೆ ಮೂವತ್ತೈದು ರೂಪಾಯಿ ಕಣೆ’ ಅಂದ.

ನಗಬೇಡಿ, ಇನ್ನೂ ದೊಡ್ಡ ಮಾತು ಉಳಿದಿದೆ. ಜೀತ ರದ್ದು ಮಾಡುವ ಸುಗ್ರೀವಾಜ್ಞೆ 1975ರ ಅಕ್ಟೋಬರಿನಲ್ಲೇ ಬಂದಿತ್ತು, 1976ರಲ್ಲಿ ಕಾಯ್ದೆ ಆಗಿತ್ತು. ಆ ಕಾಯ್ದೆ ಪ್ರಕಾರ ಜೀತದ ಸಾಲವನ್ನ ತೀರಿಸೋ ಹೊಣೆಯೇ ಇಲ್ಲ. ಅದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡೋ ಭಾರವೂ ಸಾಲ ಕೊಟ್ಟವನ ಮೇಲೇ. ಕಾಯ್ದೆ ಬಂದು ಆರು ವರ್ಷ ಆದಮೇಲೂ ನಾವು ಕಂಬಳಿಯ ಲೆಕ್ಕ ಮಾಡ್ತಾ ಜಗಲಿ ಕೆಳಗೆ ನಿಂತಿದ್ದೆವು! ಮೂವತ್ತೈದು ರೂಪಾಯಿ ಹಿಡಿದ ನನ್ನ ಕಣ್ಣಿಗೆ ಇಡೀ ಸಾಲವೇ ಬಿದ್ದುಹೋಗಿದ್ದು ಕಾಣಲಿಲ್ಲ. ಕೂಡೋದು ಕಳೆಯೋದು ಬಂದರೆ ಸಾಲದು, ಕಾನೂನೂ ಗೊತ್ತಿರಬೇಕು.

ಇನ್ನು ನನ್ನ ತಪ್ಪು ಹೇಳ್ತೀನಿ. ಪಿಯುಸಿಗೆ ಹಾಸ್ಟೆಲ್ ಸೇರಿದೆ. ಆಗ ಸ್ಕಾಲರ್‌ಶಿಪ್ ತಿಂಗಳು ತಿಂಗಳು ಬರ್ತಿರಲಿಲ್ಲ. ವರ್ಷದ ಕೊನೆಗೆ ಒಂದೇ ಗಂಟಾಗಿ ಬರೋದು, ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿಸಿಕೊಂಡು ಕೈಗೆ ಕೊಡೋರು. ಅಷ್ಟು ನೋಟು ಒಟ್ಟಿಗೆ ನಮ್ಮ ವಂಶದಲ್ಲೇ ಯಾರೂ ಎಣಿಸಿರಲಿಲ್ಲ. ಒಂದು ಬೆಲ್‌ಬಾಟಂ ಪ್ಯಾಂಟು, ನಾಲ್ಕು ಸಿನಿಮಾ, ಗೆಳೆಯರಿಗೆಲ್ಲ ಬಿರಿಯಾನಿ. ಹೋಟೆಲಿನವನ ಖಾತೆ ತೀರಿಸಿದೆ, ಅವನು ಹೇಳಿದಷ್ಟು ಕೊಟ್ಟೆ. ಅವನ ಪುಸ್ತಕವನ್ನ ನಾನು ನೋಡಲೇ ಇಲ್ಲ! ಜಗಲಿ ಮುಂದೆ ಕಂಬಳಿ ಹಿಡಿದವನು ನಾನೇ. ಹದಿನೈದು ದಿನದಲ್ಲಿ ಪರೀಕ್ಷೆ ಫೀಸಿಗೆ ದುಡ್ಡಿಲ್ಲ. ಅಪ್ಪ ಮತ್ತೆ ಅದೇ ಮನೆಗೆ ಹೋಗಿ ಅರವತ್ತು ರೂಪಾಯಿ ತಂದುಕೊಟ್ಟ. ಒಂದು ಮಾತು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಪ್ಯಾಂಟು ಹಾಕಿದ್ದು ತಪ್ಪು ಅಂತಿಲ್ಲ. ಹರಕಲಲ್ಲೇ ಬೆಳೆದ ಹುಡುಗ ಒಂದು ಒಳ್ಳೆ ಬಟ್ಟೆ ಹಾಕೋದು ಕೂಡ ಒಂದು ಜವಾಬೇ. ಫೀಸಿನ ದುಡ್ಡನ್ನ ಬೇರೆ ಎತ್ತಿಡದೆ ಹಾಕಿದ್ದು ತಪ್ಪು.

ಬಾಬಾಸಾಹೇಬರ ಫೋಟೋ ಇಲ್ಲದ ರೂಮು ನಮ್ಮ ಹಾಸ್ಟೆಲಲ್ಲಿ ಇಲ್ಲ. ಅವರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದದ್ದು ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಅದರಲ್ಲೇ ಮನೆಗೂ ಕಳಿಸಬೇಕು, ಪುಸ್ತಕವನ್ನೂ ಕೊಳ್ಳಬೇಕು. ಆಮೇಲೆ 1918ರಲ್ಲಿ ಮುಂಬಯಿಯ ಸಿಡೆನಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಆ ಸಂಬಳದಲ್ಲಿ ಉಳಿಸಿದ್ದು, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾರಿಂದ ತಂದ ಐದು ಸಾವಿರ ರೂಪಾಯಿ ಸಾಲ, ಇಷ್ಟನ್ನ ಜೋಡಿಸಿಕೊಂಡು 1920ರಲ್ಲಿ ಲಂಡನ್ನಿಗೆ ಹೋಗಿ ಬಿಟ್ಟಿದ್ದ ಓದನ್ನ ಮುಗಿಸಿದರು. ಸಾಲ ಅವರೂ ಮಾಡಿದರು. ಯಾರ ಹತ್ತಿರ, ಯಾತಕ್ಕೆ, ಎಷ್ಟು ಅನ್ನೋದು ಅವರಿಗೆ ಗೊತ್ತಿತ್ತು. 1923ರಲ್ಲಿ ಹೊರಬಂದ ಅವರ ಪುಸ್ತಕದ ಹೆಸರೇ ‘ದಿ ಪ್ರಾಬ್ಲಂ ಆಫ್ ದಿ ರುಪಿ’. ರೂಪಾಯಿಯ ಬಗ್ಗೆ ಯೋಚಿಸೋದು ಅಂಗಡಿಯವನ ಕೆಲಸ ಅಂತ ಅವರಿಗಂತೂ ಅನ್ನಿಸಿರಲಿಲ್ಲ. ನೀವು ಈಗ ಪಡೀತಿರೋ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾದಾಗ ವೈಸರಾಯ್ ಕೌನ್ಸಿಲ್ಲಿನಲ್ಲಿ ಕೂತಿದ್ದವರೂ ಅವರೇ.

ಈಗಿನ ಮಾತಿಗೆ ಬರ್ತೀನಿ. ರೆವಿನ್ಯೂ ಸ್ಟಾಂಪು ಹೋಗಿ ಬ್ಯಾಂಕ್ ಖಾತೆ ಬಂದಿದೆ. ಕೆಂಪು ಪುಸ್ತಕದ ಜಾಗಕ್ಕೆ ಮೊಬೈಲು ಬಂದಿದೆ. ಹೆಬ್ಬೆಟ್ಟಿನ ಜಾಗಕ್ಕೆ ಓಟಿಪಿ. ಹೆಬ್ಬೆಟ್ಟು ಒತ್ತಿದ ಅಪ್ಪನಿಗೆ ಓದು ಬರ್ತಿರಲಿಲ್ಲ, ಪಾಪ. ನಾವು ಡಿಗ್ರಿ ಓದಿದವರು ಓದದೆ ‘ಒಪ್ಪಿದೆ’ ಅಂತ ಒತ್ತುತೀವಿ.

ಸಾಲದ ಆಪ್‌ನಲ್ಲಿ ಐದು ಸಾವಿರ ಕೇಳಿದಿರಿ ಅಂತ ಇಟ್ಕೊಳ್ಳಿ. ಖರ್ಚು ವೆಚ್ಚ ಅಂತ ಮುರಿದು ಖಾತೆಗೆ ಹಾಕೋದು ಮೂರೂವರೆ ಸಾವಿರ. ಏಳು ದಿನಕ್ಕೆ ಐದು ಸಾವಿರ ಕಟ್ಟಬೇಕು. ಲೆಕ್ಕ ಹಾಕಿ: ವಾರಕ್ಕೆ ನೂರಕ್ಕೆ ನಲವತ್ತೆರಡರ ಮೇಲೆ ಆಯ್ತು. ನಮ್ಮೂರ ದೊಡ್ಡ ಮನೆಯವರು ತಿಂಗಳಿಗೆ ಐದು ತಗೊಂತಿದ್ದರು! ಕಟ್ಟದಿದ್ದರೆ ನಿಮ್ಮ ಫೋನಿನಲ್ಲಿರೋ ನಂಬರಿಗೆಲ್ಲ ಕರೆ, ಅಕ್ಕನಿಗೆ, ಮೇಷ್ಟ್ರಿಗೆ. ರಿಸರ್ವ್ ಬ್ಯಾಂಕು 2022ರಲ್ಲೇ ನಿಯಮ ಮಾಡಿದೆ: ವರ್ಷದ ಬಡ್ಡಿ ಖರ್ಚು ಎಲ್ಲ ಸೇರಿ ಎಷ್ಟು ಅಂತ ಸಾಲ ಕೊಡೋ ಮುಂಚೆ ಬರೆದುಕೊಡಬೇಕು, ಫೋನಿನ ನಂಬರು ಫೋಟೋಗಳಿಗೆ ಕೈ ಹಾಕಬಾರದು. ಬರೆದುಕೊಡದವನ ಹತ್ತಿರ ಸಾಲ ತಗೋಬೇಡಿ. ಊರಲ್ಲಿ ಅವ್ವಂದಿರು ಸಂಘದಲ್ಲಿ, ಫೈನಾನ್ಸಿನಲ್ಲಿ ತಗೊಂಡ ಸಾಲಕ್ಕೆ ಬಾಗಿಲ ಮುಂದೆ ಬಂದು ಕೂತು ಹಿಂಸೆ ಕೊಡೋದರ ವಿರುದ್ಧ 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂತು. 1976ರ ಕಾಯ್ದೆ ಥರ ಇದೂ ಆರು ವರ್ಷ ನಮ್ಮ ಕಿವಿಗೆ ಬೀಳದೇ ಇರಬಾರದು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಹಾಸ್ಟೆಲ್ ಹುಡುಗರನ್ನೇ ಹುಡುಕಿಕೊಂಡು ಬರ್ತದೆ. ಯಾರೋ ಸೀನಿಯರ್ ಬಂದು ‘ಮಗಾ, ಒಂದು ಖಾತೆ ತೆಗೆದುಕೊಡು, ಕಾರ್ಡು ಸಿಮ್ಮು ನಂಗಿರಲಿ, ಸುಮ್ಮನೆ ಎರಡು ಸಾವಿರ ಸಿಗ್ತದೆ’ ಅಂತಾನೆ. ಆ ಖಾತೆಗೆ ಎಲ್ಲೋ ಯಾರದೋ ಪಿಂಚಣಿ ಕದ್ದ ದುಡ್ಡು ಬಂದು ಗಂಟೆಯೊಳಗೆ ಹೊರಟು ಹೋಗ್ತದೆ. ಪೊಲೀಸರು ಹುಡುಕ್ತಾ ಬಂದರೆ ಅವರಿಗೆ ಸಿಗೋದು ಒಂದೇ ಹೆಸರು, ನಿಮ್ಮದು. ನಿಮ್ಮ ಖಾತೆಗಳಿಗೇ ಬೀಗ ಬಿದ್ದರೆ ಸ್ಕಾಲರ್‌ಶಿಪ್ಪೂ ಒಳಗೇ ಸಿಕ್ಕಿಕೊಳ್ತದೆ. ಪೊಲೀಸ್ ವೆರಿಫಿಕೇಶನ್ ಇರೋ ನೌಕರಿಗೆ ಅರ್ಜಿ ಹಾಕೋ ಹುಡುಗನಿಗೆ ಇದರ ಅರ್ಥ ಏನು ಅಂತ ನಾನು ಬಿಡಿಸಿ ಹೇಳಬೇಕಾ? ಈಗಾಗಲೇ ಕಾರ್ಡು ಕೊಟ್ಟಿದ್ದರೆ ಹೆದರಿಕೊಂಡು ಕೂರಬೇಡಿ. ಇವತ್ತೇ ಬ್ಯಾಂಕಿಗೆ ಹೋಗಿ ಬರವಣಿಗೆಯಲ್ಲಿ ಕೊಟ್ಟು ಖಾತೆ ನಿಲ್ಲಿಸಿ, ಸೈಬರ್ ಪೊಲೀಸರಿಗೆ ನೀವೇ ಮೊದಲು ಹೋಗಿ ಹೇಳಿ, ಜೊತೆಗೆ ಸಂಘಟನೆಯ ಹಿರಿಯರೊಬ್ಬರನ್ನ ಕರಕೊಂಡು ಹೋಗಿ. ನಿಮ್ಮದೇ ದುಡ್ಡು ಮೋಸದಿಂದ ಹೋದರೆ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ಸಿಗೋದು ಕಷ್ಟ.

ವಿದ್ಯಾರ್ಥಿವೇತನದಲ್ಲಿ ಕೇಂದ್ರದ ಪಾಲು 2021ರಿಂದೀಚೆಗೆ ನೇರವಾಗಿ ನಿಮ್ಮ ಖಾತೆಗೇ ಬರ್ತದೆ. ಅದರೊಳಗೆ ಕಾಲೇಜಿಗೆ ಕಟ್ಟಬೇಕಾದ ಫೀಸೂ ಇರಬಹುದು. ಬಂದದ್ದೆಲ್ಲ ಖರ್ಚಿಗೆ ಅಂದುಕೊಂಡ ಹುಡುಗ ನನ್ನ ಹಾಗೇ ಸಿಕ್ಕಿಬೀಳ್ತಾನೆ. ದುಡ್ಡು ತಡವಾಗಿ ಬರೋದಕ್ಕೆ, ಸಾಲದೇ ಹೋಗೋದಕ್ಕೆ ಸರ್ಕಾರದ ಕುತ್ತಿಗೆ ಹಿಡಿಯೋಣ, ಅದು ಬಿಡೋ ಮಾತಲ್ಲ. ಆದರೆ ಧರಣಿ ಕೂರೋಕೂ ಲೆಕ್ಕ ಬೇಕಲ್ಲ? ಎಷ್ಟು ಬರಬೇಕಿತ್ತು, ಎಷ್ಟು ಬಂತು, ಯಾವ ತಾರೀಕು ಅಂತ ಅಧಿಕಾರಿ ಕೇಳಿದಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತದ್ದು ನನಗೆ ನೆನಪಿದೆ. ಒಬ್ಬಳೇ ಒಬ್ಬ ಹುಡುಗಿ ಬ್ಯಾಗಿನಿಂದ ನೂರು ಪುಟದ ಒಂದು ನೋಟ್‌ಬುಕ್ ತೆಗೆದಳು. ಅವತ್ತು ಮಾತಾಡಿದ್ದು ಆ ನೋಟ್‌ಬುಕ್ಕೇ.

ಮನೆಗೆ ಕಳಿಸೋದನ್ನ ನಿಲ್ಲಿಸಿ ಅಂತ ನಾನು ಹೇಳೋದಿಲ್ಲ. ಹೇಳಿದರೂ ನೀವು ಕೇಳೋದಿಲ್ಲ, ಕೇಳಲೂ ಬಾರದು. ಆದರೆ ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಅವ್ವನನ್ನ ಒಂದು ಮಾತು ಕೇಳಿ: ಸಂಘದ ಸಾಲ ಎಷ್ಟು ತಗೊಂಡಿದ್ದು, ಎಷ್ಟು ಕಟ್ಟಿ ಆಯ್ತು, ಪಾಸ್‌ಬುಕ್ಕು ಯಾರ ಮನೆಯಲ್ಲಿದೆ. ಬೇರೆ ಯಾರದಾದರೂ ಮನೆಯಲ್ಲಿದೆ ಅಂದರೆ ಮುಂದಿನ ರಜೆಗೆ ಹೋದಾಗ ಮೊದಲು ಅದನ್ನ ಈಸಿಕೊಂಡು ಬನ್ನಿ.